ಮಾವಿನ ಹೂವಿಗೆ ಬೂದಿ ಬಿದ್ದರೆ

ಕೋಲಾರ, ಶ್ರೀನಿವಾಸಪುರದ ಕಡೆ ಹಿತ್ತಿಲಲ್ಲಿ ಒಂದು ಬಾದಾಮಿ ಮಾವಿನ ಮರವೋ ತೋತಾಪುರಿಯೋ ಇಟ್ಟುಕೊಂಡವರು ಬೇಕಾದಷ್ಟು ಜನ. ಜನವರಿಯಲ್ಲಿ ಮರದ ತುಂಬ ಹೂವು, ಶಿವರಾತ್ರಿ ಹೊತ್ತಿಗೆ ಬರೀ ಕಡ್ಡಿ. 'ಮಂಜು ಬಿತ್ತು, ಹೂವು ಹೋಯ್ತು' ಅಂತ ಸುಮ್ಮನಾಗುತ್ತೇವೆ. ಎಷ್ಟೋ ಸಲ ಹೂವು ಉದುರಿಸುವುದು ಬೂದಿ ರೋಗ. ರಾತ್ರಿ ಚಳಿ, ಬೆಳಗ್ಗೆ ಇಬ್ಬನಿ, ಮೇಲೊಂದಿಷ್ಟು ಮೋಡ ಸಿಕ್ಕರೆ ಈ ಶಿಲೀಂಧ್ರಕ್ಕೆ ಹಬ್ಬ.

ಮೊದಲು ರೋಗ ಯಾವುದು ಅಂತ ನೋಡಿಕೊಳ್ಳಿ. ಒಂದು ಹೂಗೊಂಚಲು ಬಗ್ಗಿಸಿ ಹೆಬ್ಬೆರಳಿನಿಂದ ಉಜ್ಜಿ. ಮುಖಕ್ಕೆ ಹಚ್ಚುವ ಪೌಡರ್ ಥರ ಬಿಳಿ ಪುಡಿ ಅಂಟಿದರೆ ಬೂದಿ ರೋಗವೇ. ಎಲೆ ಅಂಟಂಟಾಗಿ, ಮೇಲೆ ಮಸಿ ಬಳಿದ ಹಾಗಿದ್ದರೆ ಅದು ಜಿಗಿಹುಳದ ಕಾಟ. ಅದರ ಮದ್ದೇ ಬೇರೆ.

ಪೂರ್ತಿ ಬೂದಿ ಹಿಡಿದ ಗೊಂಚಲು ಕತ್ತರಿಸಿ, ಕವರಿಗೆ ತುಂಬಿ ಆಚೆ ಹಾಕಿ. ಮರದ ಬುಡದಲ್ಲೇ ಬಿಸಾಕಬೇಡಿ.

ಮದ್ದು ಅಂದರೆ ನೀರಿನಲ್ಲಿ ಬೆರೆಯುವ ಗಂಧಕ (ವೆಟಬಲ್ ಸಲ್ಫರ್), ಶೇ 80ರದ್ದು. ಲೀಟರ್ ನೀರಿಗೆ 2 ಗ್ರಾಂ, 16 ಲೀಟರ್ ಕ್ಯಾನಿಗೆ 32 ಗ್ರಾಂ. ಚಮಚದ ಲೆಕ್ಕ ಬೇಡ, ತೂಕ ಮಾಡಿ. ಹಳೇ ಮಗ್ಗಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕದಡಿ, ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ಸುರಿಯಿರಿ. ಸೋಸದಿದ್ದರೆ ನಾಜಲ್ ಕಟ್ಟಿಕೊಂಡು ಅರ್ಧ ದಿನ ಅದನ್ನು ಬಿಚ್ಚುವುದರಲ್ಲೇ ಹೋಗುತ್ತದೆ. ಗಂಧಕ ತಳಕ್ಕೆ ಕೂರುತ್ತದೆ, ಆಗಾಗ ಕ್ಯಾನು ಅಲ್ಲಾಡಿಸಿ. ಮಾಸ್ಕ್, ತುಂಬು ತೋಳಿನ ಅಂಗಿ ಇರಲಿ. ಗಾಳಿಗೆ ಎದುರಾಗಿ ನಿಲ್ಲಬೇಡಿ.

ಇದರಲ್ಲಿ ಹೊತ್ತೇ ಮುಖ್ಯ. ಗೊಂಚಲು ಹೊರಟು ಮೊಗ್ಗು ಇನ್ನೂ ಬಿರಿಯದಿದ್ದಾಗ ಮೊದಲ ಸಿಂಪಡಣೆ. ಹೂವು ಪೂರ್ತಿ ಅರಳಿದಾಗ ಕ್ಯಾನು ಮುಟ್ಟಲೇಬೇಡಿ. ಆಗ ಜೇನು, ನೊಣ ಓಡಾಡಿದರೆ ತಾನೇ ಕಾಯಿ ಕಚ್ಚುವುದು! ನೊಣಕ್ಕೆ ನಾವು ಬೈಯುತ್ತೇವೆ, ಮಾವಿಗೆ ಅದೇ ನೆಂಟ. ಕಾಯಿ ಕಚ್ಚಿ ಸಾಸಿವೆ ಗಾತ್ರ ಬಂದಾಗ ಬೂದಿ ಮತ್ತೆ ಕಂಡರೆ ಹೆಕ್ಸಾಕೊನಜೋಲ್ ಅನ್ನೋ ಶಿಲೀಂಧ್ರನಾಶಕ, ಲೀಟರಿಗೆ 1 ಮಿಲಿ.

ಬಿಸಿಲೇರಿದ ಮೇಲೆ ಗಂಧಕ ಹೊಡೆಯಬಾರದು. ಒಂದು ವರ್ಷ ಮಧ್ಯಾಹ್ನ ಬಿಡುವಾಯಿತು ಅಂತ ಹೊಡೆದೆ. ಮೂರನೇ ದಿನಕ್ಕೆ ಚಿಗುರಿನ ಅಂಚೆಲ್ಲ ಕಂದಿ ಸುರುಟಿತ್ತು. ಈಗ ಇಬ್ಬನಿ ಆರಿದ ಕೂಡಲೇ ಶುರು, ಒಂಬತ್ತರೊಳಗೆ ಮುಗಿಸುತ್ತೇನೆ.

ಕಾಯಿ ಕಿತ್ತಾದ ಮೇಲೆ ಒಣಗಿದ, ಒಂದಕ್ಕೊಂದು ಹೆಣೆದುಕೊಂಡ ಕೊಂಬೆ ತೆಗೆಸಿ. ನಡುಮರಕ್ಕೆ ಬಿಸಿಲು ಬಿದ್ದರೆ ಮುಂದಿನ ಚಳಿಗೆ ಬೂದಿಯ ಕಾಟ ಕಡಿಮೆ. ಆದರೂ ಡಿಸೆಂಬರ್ ಕೊನೆಯಿಂದ ವಾರಕ್ಕೊಮ್ಮೆ ಗೊಂಚಲು ಉಜ್ಜಿ ನೋಡಿ.