ಲಾಯರ್ ಬಾಯಲ್ಲಿ ಬೈಗುಳ ಇಟ್ಟ ಕಥೆ

ಸಬ್‌ಟೈಟಲ್ ಕೆಲಸಕ್ಕೆ ಕೈ ಹಾಕಿದ ಹೊಸತು. ಅಮೆರಿಕದ ಒಂದು ಪತ್ತೇದಾರಿ ಧಾರಾವಾಹಿ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ವಯಸ್ಸಾದ ಲಾಯರ್ ಒಬ್ಬ ಪೊಲೀಸ್ ಅಧಿಕಾರಿಗೆ ಬಹಳ ಮರ್ಯಾದೆಯಿಂದ, 'ಯು ಆರ್ ಬಾರ್ಕಿಂಗ್ ಅಪ್ ದ ರಾಂಗ್ ಟ್ರೀ, ಸರ್' ಅನ್ನುತ್ತಾನೆ. ನಾನು ಹಿಂದೆಮುಂದೆ ನೋಡದೆ, 'ನೀವು ತಪ್ಪು ಮರಕ್ಕೆ ಬೊಗಳುತ್ತಿದ್ದೀರಿ, ಸರ್' ಅಂತ ಬರೆದು ಕಳಿಸಿದೆ.

ತಿದ್ದುವ ಮೇಡಂ ಫೋನ್ ಮಾಡಿದರು. 'ಏನಪ್ಪಾ ಇದು? ನಮ್ಮೂರ ಸ್ಟೇಷನ್‌ಗೆ ಹೋಗಿ ಎಸ್‌ಐ ಎದುರು ಒಂದ್ಸಲ ಹೀಗಂದು ನೋಡು.'

ನಿಜ ಅಲ್ವಾ? ಇಂಗ್ಲಿಷಿನವರಿಗೆ ಅದು 'ನೀವು ತಪ್ಪು ಕಡೆ ಹುಡುಕುತ್ತಿದ್ದೀರಿ' ಅನ್ನುವ ಮಾತಷ್ಟೇ, ಅಲ್ಲಿ ನಾಯಿ ನೆನಪಿಗೂ ಬರುವುದಿಲ್ಲ. ನಮ್ಮಲ್ಲಿ ಮನುಷ್ಯರಿಗೆ 'ಬೊಗಳು' ಅಂದರೆ ಜಗಳವೇ.

ಆಮೇಲೆ ಆ ಮಾತಿನ ಬೇರು ಹುಡುಕಿದೆ. ಅದು ಅಮೆರಿಕದ ರಕೂನ್ ಬೇಟೆಯದು. ರಕೂನ್ ಅಂದರೆ ಬೆಕ್ಕಿಗಿಂತ ತುಸು ದಪ್ಪಗಿರುವ, ಮರ ಹತ್ತುವ ಕಾಡುಪ್ರಾಣಿ. ಅದು ಓಡಾಡುವುದು ರಾತ್ರಿ. ನಾಯಿಗಳು ವಾಸನೆ ಹಿಡಿದು ಅಟ್ಟುತ್ತವೆ, ಅದು ಮರ ಹತ್ತುತ್ತದೆ. ನಾಯಿ ಮುಂಗಾಲೆರಡನ್ನೂ ಬೊಡ್ಡೆಗೆ ಊರಿ, ಕತ್ತೆತ್ತಿ ಬೊಗಳುತ್ತದೆ. ಆ ಸದ್ದಿನ ಮೇಲೆ ಬೇಟೆಗಾರ ಲಾಟೀನು ಹಿಡಿದು ಬರುತ್ತಾನೆ. ಅಷ್ಟರಲ್ಲಿ ರಕೂನ್ ಕೊಂಬೆಯಿಂದ ಕೊಂಬೆಗೆ ದಾಟಿ ಪಕ್ಕದ ಮರ ಸೇರಿದ್ದರೆ? ನಾಯಿ ಮಾತ್ರ ಖಾಲಿ ಮರದ ಕೆಳಗೇ ಇರುತ್ತದೆ. 1830ರ ದಶಕದ ಹೊತ್ತಿಗೇ ಅಮೆರಿಕದಲ್ಲಿ ಇದು ಮನುಷ್ಯರ ಬಗ್ಗೆ ಆಡುವ ಮಾತಾಗಿ ಅಚ್ಚಾಗಿತ್ತು. ಅಂದರೆ ಇದು ದಡ್ಡತನದ ಮಾತಲ್ಲ. ಶ್ರಮ ಪೂರ್ತಿ ಇದೆ, ಜಾಗ ತಪ್ಪಿದೆ.

'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಹಾಕೋಣ ಅನ್ನಿಸಿತು. ಆದರೆ ಸೂಟು ಹಾಕಿದ ಅಮೆರಿಕದ ಲಾಯರ್ ಬಾಯಲ್ಲಿ ಎಮ್ಮೆ! ಓದಿ ನಾನೇ ನಕ್ಕೆ.  ಕೊನೆಗೆ 'ನೀವು ಜಾಡು ತಪ್ಪಿದ್ದೀರಿ, ಸರ್' ಅಂತ ಮಾಡಿದೆ. ಜಾಡು ಬೇಟೆಯ ಮಾತೂ ಹೌದು, ಪೊಲೀಸರ ಮಾತೂ ಹೌದು. ಮೇಡಂ ಸುಮ್ನೆ 'ಹ್ಞೂಂ' ಅಂದರು. ಅವರ ಲೆಕ್ಕದಲ್ಲಿ ಅದೇ ಜಾಸ್ತಿ ಹೊಗಳಿಕೆ.

ಈಗ ಇಂಥದ್ದು ಬಂದರೆ ಮೊದಲು ಇಂಗ್ಲಿಷ್ ಮುಚ್ಚಿಟ್ಟು, ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನೋಡುತ್ತೇನೆ. ಆಮೇಲೆ ಜೋರಾಗಿ ಓದುತ್ತೇನೆ. 'ರಾಂಗ್ ಎಂಡ್ ಆಫ್ ದ ಸ್ಟಿಕ್' ಬಂದಾಗ ಕೋಲಿನ ಗೋಜಿಗೇ ಹೋಗಲಿಲ್ಲ. ಅಲ್ಲಿ ತಪ್ಪಿರುವುದು ಹುಡುಕಾಟ ಅಲ್ಲ, ತಿಳುವಳಿಕೆ. ಗಂಡ ಹೆಂಡತಿಗೆ ಹೇಳುವ ಮಾತಾಗಿತ್ತು: 'ನಾನಂದಿದ್ದೇ ಒಂದು, ನೀನು ತಿಳ್ಕೊಂಡಿದ್ದೇ ಒಂದು.'

ಒಂದು ಸಲ ಮಾತ್ರ ನಾಯಿಯನ್ನು ಕೈಬಿಡಲು ಆಗಲಿಲ್ಲ. ಕಳ್ಳನೊಬ್ಬ ಪೊಲೀಸರಿಗೆ ಅದೇ 'ರಾಂಗ್ ಟ್ರೀ' ಮಾತು ಹೇಳುತ್ತಾನೆ, ಪಕ್ಕದಲ್ಲಿದ್ದ ಅವನ ಗೆಳೆಯ 'ಬೌ ಬೌ' ಅಂತ ಅಣಕಿಸುತ್ತಾನೆ. ಅಲ್ಲಿ ಜಾಡು ಸಾಲದು. ಎರಡು ದಿನ ತಲೆ ಕೆರೆದುಕೊಂಡು ಬರೆದೆ: 'ಬೇರೆ ಯಾರದಾದ್ರೂ ಮನೆ ಮೂಸಿ, ಸಾಹೇಬ್ರೇ.' ಕಳ್ಳ ಬೈಯಲಿ ಬಿಡಿ, ಅವನು ಬೈಯೋಕೇ ಬಂದಿದ್ದ.