ಬೇಗೂರಿನ ಕಲ್ಲು ಓದಲು ಎರಡು ಫೋನು ಸಾಕು

ಎಂಟನೇ ತರಗತಿಯ ಮಕ್ಕಳನ್ನು ಬೆಂಗಳೂರಿನ ಬೇಗೂರಲ್ಲಿರುವ ನಾಗೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗ ನಾನು ಪಾಠಪುಸ್ತಕ ಒಯ್ಯುವುದಿಲ್ಲ. ಆರು ಮಕ್ಕಳ ಗುಂಪಿಗೆ ಎರಡು ಫೋನು, ಒಂದು ಕೊಡೆ, ಒಂದು ಸ್ಕೇಲು. ಅಷ್ಟೇ. ಸುಮಾರು ಕ್ರಿ.ಶ. 890ರ ಶಾಸನವೊಂದು ಅಲ್ಲಿದೆ. ಬೆಂಗಳೂರಲ್ಲಿ ನಡೆದ ಕಾಳಗದ ಮಾತು ಅದರಲ್ಲಿದೆ. ನಮ್ಮೂರ ಹೆಸರು ಕೆಂಪೇಗೌಡರಿಗಿಂತ ಎಷ್ಟೋ ಹಳೆಯದು ಅಂತ ಮಕ್ಕಳು ಕಲ್ಲಿನ ಮುಂದೆ ನಿಂತೇ ತಿಳಿಯಬೇಕು, ಅಲ್ವಾ?

ಮೊದಲು ಫೋನು ಜೇಬಲ್ಲೇ ಇರಲಿ. ಐದು ನಿಮಿಷ ಸುಮ್ನೆ ನೋಡಲು ಬಿಡಿ. ಅಕ್ಷರ ಸವೆದಿರುತ್ತದೆ, ಏನೂ ಕಾಣುವುದಿಲ್ಲ ಅಂತಾರೆ. ಆಗ ಟಾರ್ಚ್ ಹಚ್ಚಿಸಿ. ಎದುರಿನಿಂದ ಬೆಳಕು ಬಿಟ್ಟರೆ ಕಲ್ಲು ಚಪ್ಪಟೆಯಾಗಿಯೇ ಕಾಣುತ್ತದೆ. ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿಸಿ. ಅಕ್ಷರದ ಗುಳಿಗಳಲ್ಲಿ ನೆರಳು ತುಂಬಿ, ಸಾಲುಗಳು ಎದ್ದು ಬರುತ್ತವೆ. ಆ ಕ್ಷಣಕ್ಕೆ ಮಕ್ಕಳು ಕೂಗುವುದನ್ನು ಕೇಳಬೇಕು! ಬಿಸಿಲು ಜಾಸ್ತಿ ಇದ್ದರೆ ಕೊಡೆಯಿಂದ ನೆರಳು ಮಾಡಿ. ಇನ್ನೊಂದು ಫೋನಿನಲ್ಲಿ ಫ್ಲ್ಯಾಶ್ ಆಫ್ ಮಾಡಿ, ನೇರ ಎದುರು ನಿಂತು ಫೋಟೊ ತೆಗೆಯಲಿ. ಬೆಳಕನ್ನು ಎಡ, ಬಲ, ಮೇಲೆ ಹೀಗೆ ಬದಲಿಸಿ ನಾಲ್ಕು ಫೋಟೊ ಸಾಕು. ಒಂದರಲ್ಲಿ ಸ್ಕೇಲು ಪಕ್ಕಕ್ಕಿರಲಿ.

ಸೀಮೆಸುಣ್ಣ, ಎಣ್ಣೆ, ಅರಿಶಿನ ಏನನ್ನೂ ಹಚ್ಚಬೇಡಿ. ಮೊದಲ ವರ್ಷ ನಾನೇ ಒಂದು ವೀರಗಲ್ಲಿಗೆ ಸೀಮೆಸುಣ್ಣ ಉಜ್ಜಿಸಿದ್ದೆ. ಅದು ನೆನಪಾದರೆ ಈಗಲೂ ನೋವಾಗುತ್ತದೆ.

ವೀರಗಲ್ಲು ಸಿಕ್ಕರೆ ಕೆಳಗಿನಿಂದ ಮೇಲಕ್ಕೆ ಓದಿಸಿ. ಸಾಮಾನ್ಯವಾಗಿ ಕೆಳಗೆ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಸೂರ್ಯ ಚಂದ್ರರನ್ನು ಹುಡುಕಲು ಹೇಳಿ. ಅವು ಏಕಿವೆ ಅಂತ ನೀವೇ ಹೇಳಿಬಿಡಬೇಡಿ.

ಹತ್ತಿರದ ಮನೆಯ ಅಜ್ಜಿ ತಾತಂದಿರ ಮಾತನ್ನೂ ರೆಕಾರ್ಡ್ ಮಾಡಿಸಿ. ಮೊದಲು ಒಪ್ಪಿಗೆ ಕೇಳಬೇಕು. ಶುರುವಿನಲ್ಲಿ ಊರು, ತಾರೀಖು ಹೇಳಿ. "ಇತಿಹಾಸ ಹೇಳಿ" ಅಂದರೆ ಅವರು ಸುಮ್ಮನಾಗುತ್ತಾರೆ. "ಈ ಕಲ್ಲಿಗೆ ನೀವು ಏನಂತ ಕರೀತೀರಿ?" ಅಂದರೆ ಮಾತು ನಿಲ್ಲುವುದೇ ಇಲ್ಲ.

ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗಿ ಅಕ್ಷರ ಮಸುಕಾಗುತ್ತದೆ. ಮರುದಿನ, ನಾಡಿನ ಶಾಸನಗಳ ಪಾಠಗಳನ್ನು ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಪುಟ ತೆರೆಯಿರಿ. ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿಲ್ಲದ ಕಲ್ಲು ಮಕ್ಕಳ ಫೋಟೊದಲ್ಲಿದ್ದರೆ, ಜಾಗದ ಗುರುತು ಸಮೇತ ಪುರಾತತ್ವ ಇಲಾಖೆಗೆ ಅವರ ಕೈಯಿಂದಲೇ ಪತ್ರ ಬರೆಸಿ.