‘ಅಸ್ಕೆರೋಸೊ’ ಅನ್ನುವ ಮುಂಚೆ

ಸ್ಪ್ಯಾನಿಷ್ ಕಲಿಯುತ್ತಿರುವವರಿಗೆ ಒಂದು ಮಾತು. ‘ಅಸ್ಕೆರೋಸೊ’ ಅಂದರೆ ಬರೀ ಚೆನ್ನಾಗಿಲ್ಲ ಅಂತಲ್ಲ, ವಾಕರಿಕೆ ಬರುವಷ್ಟು ಅಸಹ್ಯ ಅಂತ. ನಾಮಪದದ ಲಿಂಗ ನೋಡಿ ಪದದ ಕೊನೆ ಬದಲಾಗುತ್ತದೆ. ಬಚ್ಚಲು ಗಲೀಜಾಗಿದ್ದರೆ ‘ಎಲ್ ಬಾನ್ಯೊ ಎಸ್ತಾ ಅಸ್ಕೆರೋಸೊ’, ಸೂಪ್ ಬಾಯಿಗಿಡಲು ಆಗದಿದ್ದರೆ ‘ಲಾ ಸೋಪಾ ಎಸ್ತಾ ಅಸ್ಕೆರೋಸಾ’. ಕನ್ನಡದಲ್ಲಿ ಎಲ್ಲದಕ್ಕೂ ‘ಗಲೀಜು’ ಒಂದೇ ಸಾಕು ಅಲ್ವಾ, ಅದಕ್ಕೇ ನಾವು ಇಲ್ಲಿ ಜಾಸ್ತಿ ಎಡವುತ್ತೇವೆ.

ಮನುಷ್ಯರಿಗೆ ‘ಎರೆಸ್ ಉನ್ ಅಸ್ಕೆರೋಸೊ’ ಅಂದರೆ ನೇರ ಬೈಗುಳ. ಯಾರದಾದರೂ ಮನೆಯಲ್ಲಿ ಅಡುಗೆ ರುಚಿಸದಿದ್ದರೆ ಈ ಪದ ಬೇಡವೇ ಬೇಡ, ಮಾಡಿ ಬಡಿಸಿದವರಿಗೆ ತುಂಬಾ ನೋವಾಗುತ್ತದೆ. ‘ನೊ ಮೆ ಗುಸ್ತಾ ಮೂಚೊ’ ಅನ್ನಿ, ನನಗೆ ಅಷ್ಟಾಗಿ ಹಿಡಿಸಲ್ಲ ಅಂತ ಅರ್ಥ. ಜಿರಳೆ ಕಂಡು ‘ಛೀ!’ ಅನ್ನುವ ಕಡೆ ‘ಕೆ ಆಸ್ಕೊ!’ ಅಂದರೆ ಆಯಿತು.